ಬಾಗಿಲ ಮೇಲಿನ ಮೂರಕ್ಷರ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಗ್ಯಾಲರಿಯಲ್ಲಿ ಚಿತ್ರಗಳ ಕೆಳಗಿನ ಚೀಟಿ ಬರೆದದ್ದೇ ಬರೆದದ್ದು. ಕೊನೆಯ ಕೋಣೆ ಬಾಕಿ. ಹಂದಿಮೂತಿಯ ಮದುಮಗ, ಹೊಟ್ಟೆಯಲ್ಲಿ ಬಾಯಿರುವ ಹೆಂಗಸು... ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ. ಇಂಗ್ಲಿಷಿನಲ್ಲಿ ಗ್ರೊಟೆಸ್ಕ್ ಅಂದರೆ ಮುಗಿಯಿತು. ಬಾಗಿಲಿಗೆ ಕನ್ನಡದಲ್ಲಿ ಒಂದೇ ಪದ ಬೇಕಂತೆ. ಬೀಭತ್ಸ ಅಂದರೆ ನಗು ಹೋಯಿತು. ವಿಚಿತ್ರ ಅಂದರೆ ಭಯ ಹೋಯಿತು. ತಲೆ ಮೊಸರುಗಡಿಗೆಯಾಗಿದೆ.

ಅದೇ ಕೋಣೆಯಲ್ಲಿ ಅಕ್ಕನ ಚಿತ್ರವೂ ಇದೆ. ಹೋದ ವರ್ಷ ಮುಖದ ಎಡಗಡೆಯ ನರ ಸೋತ ಮೇಲೆ, ಕನ್ನಡಿ ನೋಡಿಕೊಂಡು ತನ್ನ ಮುಖವನ್ನೇ ಬರೆದದ್ದು. ಆಮೇಲೆ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗಿಲ್ಲ. ನಕ್ಕರೆ ಬಾಯಿಗೆ ಕೈ ಅಡ್ಡ. ಕಾಡಿ ಬೇಡಿ ಒಪ್ಪಿಸಿದ್ದೇನೆ — ಭಾನುವಾರ ಉದ್ಘಾಟನೆಗೆ ಬರುತ್ತಾಳೆ.

ಮಾರ್ಚ್ 4

ದೊಡ್ಡವರು (ನಮ್ಮ ಮುಖ್ಯಸ್ಥರು, ನನ್ನ ಭುಜಕ್ಕೂ ಬರುವುದಿಲ್ಲ) ನಾನು ಆರಿಸಿದ ಪದಗಳನ್ನು ಕೇಳಲೇ ಇಲ್ಲ. ವಿಕಾರ ಅಂತ ಹಾಕಿ ಅಂದರು. ಬೇಡ ಸರ್ ಅಂದೆ.

"ಯಾಕ್ರೀ? ಎಲ್ರಿಗೂ ಗೊತ್ತಿರೋ ಪದ."

ಅದೇ ತೊಂದರೆ. ಆಸ್ಪತ್ರೆಯ ಲಿಫ್ಟಿನಲ್ಲಿ ಅಕ್ಕನ ಮುಖ ಕಂಡು ಒಬ್ಬಳು ತನ್ನ ಮಗುವಿನ ಕಣ್ಣು ಮುಚ್ಚಿ ಪಿಸುಗುಟ್ಟಿದ್ದು ಇದೇ ಪದ. ಅಕ್ಕನಿಗೆ ಕೇಳಿಸಿತ್ತು. ಇದನ್ನು ಅವರಿಗೆ ಹೇಳದೆ ಚೀಟಿ ಬರೆಯಲು ವಾಪಸ್ ಬಂದೆ.

ಮಾರ್ಚ್ 7

ಬಾಗಿಲಿಗೆ ಕೆಂಪು ಸ್ಟಿಕರ್ ಅಕ್ಷರ ಅಂಟಿಸಿಬಿಟ್ಟಿದ್ದಾರೆ. ಒಂದೊಂದೂ ಅಂಗೈಯಗಲ.

ಮನೆಗೆ ಬಂದರೆ ಅಕ್ಕ ಭಾನುವಾರದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಕೋಣೆಗೆ ಏನು ಹೆಸರಿಟ್ಟಿರಿ ಅಂತ ಕೇಳಿದಳು. ಇನ್ನೂ ಇಟ್ಟಿಲ್ಲ ಅಂದೆ. ಸುಳ್ಳು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಚಿತ್ರ ಬರೆಯುವಾಗ ಒಂದು ವಿಷಯ ಗೊತ್ತಾಯಿತು ಅಂದಳು.

"ಸೋತಿರೋ ಕಡೆ ಪಾಪ ಸುಮ್ನೆ ಇರುತ್ತೆ ಕಣೇ. ಸೊಟ್ಟಗೆ ಎಳೆಯೋದು ಚೆನ್ನಾಗಿರೋ ಕಡೆ."

ಹೂಂ ಅಂದೆ. ತಲೆಯಲ್ಲಿ ಆ ಬಾಗಿಲೊಂದೇ. ಭಯವಾಗುತ್ತಿದೆ.

ಮಾರ್ಚ್ 9, ಸಂಜೆ

ಜನ ಬರುವ ಮೊದಲೇ ಹೋಗಿ ಉಗುರಿನಲ್ಲಿ 'ವಿ' ಕಿತ್ತೆ. ಉಳಿದೆರಡಕ್ಕೆ ಕೈ ಹಾಕುವಷ್ಟರಲ್ಲಿ ದೊಡ್ಡವರ ಬೂಟಿನ ಸದ್ದು. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವರು ದಾಟಿ ಹೋದರು. ಜನ ತುಂಬಿದರು. ಅಕ್ಕ ಬಂದಳು, ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಕಾರ? ಮೊದಲಕ್ಷರ ಎಲ್ಲಿ?"

ಮುಷ್ಟಿ ಬಿಚ್ಚಿದೆ. ಕೂಡಿಸಿ ಓದಿಕೊಂಡಳು.

"ನನ್ನ ಕೇಳದೆ ಯಾಕೆ ಕಿತ್ತೆ? ಆ ಪದ ಕಂಡ್ರೆ ಹೆದರಿಕೆ ನಿನಗೆ. ನಾನು ವರ್ಷವಿಡೀ ಅದರ ಎದುರೇ ಕೂತು ಬಣ್ಣ ಹಾಕಿದೀನಿ. ಅಂಟಿಸು."

ಅಂಟು ಹೋಗಿತ್ತು. ಎಂಜಲು ಹಚ್ಚಿ ಹೆಬ್ಬೆರಳಲ್ಲಿ ಒತ್ತಿದೆ. ಅವಸರಕ್ಕೆ ಸೊಟ್ಟಗೆ ಕೂತಿತು. ಎರಡು ನೆಟ್ಟಗೆ, ಇದೊಂದು ಸೊಟ್ಟ. ಅಕ್ಕ ಅದನ್ನೇ ನೋಡಿದಳು. ನಕ್ಕುಬಿಟ್ಟಳು, ಅಷ್ಟೂ ಜನರ ಎದುರು. ಬಾಯಿ ಪೂರಾ ಬಲಕ್ಕೆ ಎಳೆದುಕೊಂಡು ಹೋಯಿತು. ಕೈ ಬಾಯಿಗೆ ಅಡ್ಡ ಬರಲೇ ಇಲ್ಲ. ನನಗೂ ನಗು, ಮೈಯೆಲ್ಲ ಜುಮ್ಮೆಂದು ಕಣ್ಣಲ್ಲಿ ನೀರು... ಇದಕ್ಕೇ ಅಲ್ಲವೇ ನಾನು ವಾರವಿಡೀ ಒಂದು ಪದ ಹುಡುಕಿದ್ದು?