ತಗಡಿನ ಮೇಲೆ ಎಸೆದ ಹಾಲುಹಲ್ಲು

ಮೌನಿಕಳ ತಾತನವರಿಗೆ,

ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ನಾನೂ ಮೌನಿಕಳೂ ಮೊದಲ ಬಸ್ಸಿಗೆ ಬೆಂಗಳೂರಿನ ಹಲ್ಲಿನ ಡಾಕ್ಟರ ಹತ್ತಿರ ಹೊರಟೆವು. ಮುದ್ದೆ, ಬಸ್ಸಾರು ಮುಚ್ಚಿಟ್ಟಿದ್ದೇನೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಒದ್ದೆ ಸೊಪ್ಪು ಮಾತ್ರ ಬೇಡ.

ಏಣಿಯನ್ನು ಪಕ್ಕದ ಮನೆ ಮುನಿಗಂಗಮ್ಮನ ಹತ್ತಿರ ಇಟ್ಟಿದ್ದೇನೆ. ನೀವು ಕೇಳಿದರೂ ಕೊಡಬೇಡ ಎಂದಿದ್ದೇನೆ. ಮಗುವಿನ ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಬದಲು ಕೊಟ್ಟಿಗೆಯ ತಗಡಿನ ಮೇಲೆ ಎಸೆದಿರಿ, ಅದಕ್ಕೇ ಹೊಸ ಹಲ್ಲು ಬರಲಿಲ್ಲ ಎಂದು ಇಷ್ಟು ವರ್ಷ ಕೊರಗಿದ್ದು ಸಾಕು. ಈ ವಯಸ್ಸಿನಲ್ಲಿ ಅದನ್ನು ಹುಡುಕಲು ಮೇಲೆ ಹತ್ತಬೇಡಿ. ಹುಟ್ಟುವಾಗಲೇ ಅವಳ ವಸಡಿನಲ್ಲಿ ಆ ಹೊಸ ಹಲ್ಲಿನ ಮೊಳಕೆ ಇರಲಿಲ್ಲವಂತೆ. ಡಾಕ್ಟರು ಎಕ್ಸ್‌ರೇ ತೋರಿಸಿಯೇ ಹೇಳಿದರು.

ಹಲ್ಲು ಮೊಳೆಸುವ ಔಷಧಿ ಇನ್ನೂ ಪರೀಕ್ಷೆಯಲ್ಲಿದೆ. ಕೊಟ್ಟರೂ ಹಲ್ಲು ಬರಬಹುದು, ಬರದೆಯೂ ಇರಬಹುದು. ಆ ಪರೀಕ್ಷೆಗೆ ಅವಳನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಇವತ್ತು ಗೊತ್ತಾಗುತ್ತದೆ.

ಚಪ್ಪಲಿ ಮೆಟ್ಟುತ್ತಾ ಹೇಳುತ್ತಿದ್ದಾಳೆ: "ಹಲ್ಲು ಬಂದ್ರೆ ಮೊದ್ಲು ತಾತನ್ನೇ ಕಚ್ತೀನಿ ಅಂತ ಬರಿ ಅಜ್ಜಿ."

ಬರೆದಿದ್ದೇನೆ. ಕಚ್ಚಿಸಿಕೊಳ್ಳುವುದಕ್ಕಾದರೂ ಕೈಕಾಲು ಗಟ್ಟಿಯಾಗಿಟ್ಟುಕೊಂಡು ನೆಲದ ಮೇಲೇ ಇರಿ.