ಒಂದು ಬಾಗಿಲು, ಎರಡು ಒಲೆ

ಸೋಮವಾರ, ತಾರೀಖು ೧೨
ಮಧ್ಯಾಹ್ನ ಮೂರು ಗಂಟೆ

ತಮ್ಮಾ,

ನಮ್ಮ ಬೀದಿಯ ಎಣಿಕೆಯ ಕರಡು ಪಟ್ಟಿಯನ್ನು ಇವತ್ತು ಬೆಳಿಗ್ಗೆ ಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಸುದ್ದಿ ತಂದವರು ಕ್ಷೌರದಂಗಡಿಯವರು. ಅವರು ಹೇಳಿದ್ದರಲ್ಲಿ ಅರ್ಧ ನಂಬಿ, ಉಳಿದರ್ಧಕ್ಕೆ ನಾನೇ ಹೋಗಿ ಓದಿ ಬಂದೆ. ನಮ್ಮ ಬಾಗಿಲಿನ ಮುಂದೆ ‘ಮನೆ: ಒಂದು’ ಎಂದಿದೆ. ಬಾಗಿಲು ನನ್ನ ಹೆಸರಲ್ಲಿದೆ. ಪಟ್ಟಿ ಹೀಗೇ ಉಳಿದರೆ ಹೊಸ ಕಟ್ಟಡದಲ್ಲಿ ನನಗೆ ಮನೆ ಸಿಗುತ್ತದೆ, ನಿನಗೆ ಸಿಗುವುದಿಲ್ಲ. ತಪ್ಪು ನನ್ನದು. ಸಂಜೆ ಕೆಲಸದಿಂದ ಬರುವಾಗ ನೀನು ಅದನ್ನು ಗೋಡೆಯ ಮೇಲೆ ಓದುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನೀವೆಲ್ಲ ಕ್ಷೇಮವೇ ಎಂದು ಕೇಳುವಂತಿಲ್ಲ. ನಿನ್ನ ಕೆಮ್ಮು ಇಳಿದದ್ದೂ, ಪುಟ್ಟಿ ಏಳರ ಮಗ್ಗಿಯಲ್ಲಿ ಎಡವುವುದೂ ಹಲಗೆಯ ಈಚೆಗೆ ಕೇಳುತ್ತದೆ. ಅಮ್ಮ ತೀರಿಕೊಂಡ ವರ್ಷ ಈ ಕೋಣೆಯ ನಡುವೆ ಹಲಗೆ ಬಿತ್ತು, ಒಲೆ ಬೇರೆಯಾಯಿತು, ಮಾತು ನಿಂತಿತು. ಆರು ವರ್ಷ. ಬರೆಯಲು ತಡವಾದದ್ದಕ್ಕೆ ದೂರ ಕಾರಣ ಎನ್ನಲು ನನಗೆ ಬಾಯಿಲ್ಲ. ಕ್ಷಮಿಸು.

ಬೀದಿಯನ್ನು ಕೆಡವಿ ಕಟ್ಟುವ ಯೋಜನೆ ನಿನಗೆ ಗೊತ್ತೇ ಇದೆ: ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆಗಳು. ಈಗಿರುವ ಪ್ರತಿ ಮನೆಗೆ ಅಲ್ಲೇ ಒಂದು ಮನೆ ಕೊಡುತ್ತಾರೆ, ಮಿಕ್ಕದ್ದನ್ನು ಮಾರುತ್ತಾರೆ. ಮೊದಲ ವರದಿಯಲ್ಲಿ ಹೋಗುವ ಮನೆ ತೊಂಬತ್ತಾರು, ಜನ ಮುನ್ನೂರ ಎಂಬತ್ತೆಂಟು ಎಂದಿತ್ತು. ಬೀದಿಯಲ್ಲಿ ನಿಂತು ಬಾಗಿಲು ಎಣಿಸಿದ್ದರು, ಅಷ್ಟೆ. ಆಮೇಲೆ ಎಣಿಕೆಯ ಹೆಂಗಸು ಬಂದಳು. ಬೀದಿ ಆಕೆಗೆ ‘ಒಲೆ ಮೇಡಂ’ ಎಂದು ಹೆಸರಿಟ್ಟಿತು. ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳು ನಾನು, ಯಾರನ್ನೂ ಸುಲಭಕ್ಕೆ ಹೊಗಳುವುದಿಲ್ಲ. ಆಕೆಯನ್ನು ಹೊಗಳುತ್ತೇನೆ.

ಆಕೆಯ ನಿಯಮ ಒಂದೇ. ಒಲೆ ಎಷ್ಟೋ ಮನೆ ಅಷ್ಟು. ಆದರೆ ನಮ್ಮ ಬೀದಿಯ ಚಾಳಿ ನಿನಗೆ ಗೊತ್ತಲ್ಲ, ಒಳಬಾಡಿಗೆ ಕೊಡಬಾರದೆಂಬ ಕರಾರಿಗೆ ಹೆದರಿ, ಕಾಗದ ಹಿಡಿದವರು ಯಾರೇ ಬಂದರೂ ಒಲೆ ಬಚ್ಚಿಡುತ್ತಾರೆ. ಈ ಸಲವೂ ಬಚ್ಚಿಟ್ಟರು. ಚಪ್ಪಲಿ ಹೊಲಿಯುವವರ ಮನೆಯ ಒಲೆ ತೊಗಲಿನ ಪೆಟ್ಟಿಗೆಗೆ ಹೋಯಿತು. ದರ್ಜಿ ತನ್ನ ಸೀಮೆಎಣ್ಣೆ ಸ್ಟೌ ಮೇಲೆ ಗಿರಾಕಿಯ ಕೋಟು ಹೊದಿಸಿ ಕೂತ.

ಆಕೆ ತಲೆಯೆತ್ತಿ ಚಾವಣಿ ನೋಡಿದಳಂತೆ. “ಒಲೆ ಬಚ್ಚಿಡಬಹುದು ಅಣ್ಣಾ, ಮಸಿ ಎಲ್ಲಿ ಬಚ್ಚಿಡ್ತೀರಿ?”

“ಅದು ಇಸ್ತ್ರಿ ಹೊಗೆ ಮೇಡಂ!”

“ಹಾಗಾದ್ರೆ ನಿಮ್ಮ ಇಸ್ತ್ರಿಯಲ್ಲಿ ಈರುಳ್ಳಿ ಚೆನ್ನಾಗಿ ಬೇಯುತ್ತೆ. ವಾಸನೆ ಬರ್ತಿದೆ.”

ದರ್ಜಿಯೇ ನಕ್ಕು ಕೋಟು ತೆಗೆದನಂತೆ. “ತೋರಿಸಿದ್ರೆ ಮನೆ ಸಿಗುತ್ತೆ, ಬಚ್ಚಿಟ್ರೆ ಹೋಗುತ್ತೆ” ಎಂದು ಆಕೆ ಒಂದೊಂದು ಬಾಗಿಲಿಗೆ ಮೂರು ಮೂರು ಸಲ ಬಂದು ಹೇಳಿದಳು. ಒಮ್ಮೆಯೂ ದನಿ ಏರಿಸಲಿಲ್ಲ. ಸಭೆಯಲ್ಲಿ ಕಟ್ಟುವವರ ಎಂಜಿನಿಯರು, “ಬಾಗಿಲು ತೊಂಬತ್ತಾರು, ಮನೆ ತೊಂಬತ್ತಾರು. ಇದರಲ್ಲಿ ಮತ್ತೇನು ಎಣಿಸೋದು?” ಎಂದು ಕೇಳಿದಾಗ ಕೂತಲ್ಲಿಂದಲೇ ಹೇಳಿದಳು: “ಬಾಗಿಲು ಊಟ ಮಾಡಲ್ಲ ಸಾರ್.”

ಇವತ್ತಿನ ಪಟ್ಟಿಯಲ್ಲಿ ಮನೆ ನೂರ ನಲವತ್ಮೂರು, ಜನ ಆರುನೂರ ಹದಿನೇಳು. ಬೀದಿಯಲ್ಲಿ ಇಷ್ಟು ವರ್ಷ ಇದ್ದೂ ಇಲ್ಲದ ಹಾಗಿದ್ದ ನಲವತ್ತೇಳು ಮನೆಗಳು ಹೊರಬಂದಿವೆ. ಚಪ್ಪಲಿ ಹೊಲಿಯುವವರ ಹೆಂಡತಿ ತಮ್ಮ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು, ತೆಗೆಯಲೇ ಇಲ್ಲ.

ನಮ್ಮಲ್ಲಿಗೆ ಆಕೆ ಬಂದದ್ದು ಹೋದ ತಿಂಗಳು, ಹಗಲಲ್ಲಿ. ನೀವಿಬ್ಬರೂ ಕೆಲಸಕ್ಕೆ ಹೋಗಿದ್ದಿರಿ, ಪುಟ್ಟಿ ಶಾಲೆಗೆ. ನಿಮ್ಮ ಕಡೆ ಬೀಗ.

“ಹಲಗೆ ಆಚೆ ಯಾರಮ್ಮಾ?”

“ನನ್ನ ತಮ್ಮ, ಅವನ ಹೆಂಡತಿ, ಮಗು.”

“ಒಲೆ ಬೇರೆನಾ?”

“ಅಯ್ಯೋ, ಬೇರೆ ಯಾಕೆ? ಒಂದೇ.”

ಆಕೆ ನನ್ನ ಸ್ಟೌ ಮೇಲಿದ್ದ ಪಾತ್ರೆ ನೋಡಿದಳು. ಅದರ ಅಳತೆ ನಿನಗೆ ಗೊತ್ತು, ಅಪ್ಪ ಹಾಲು ಕಾಯಿಸುತ್ತಿದ್ದ ಪಾತ್ರೆ. “ನಾಲ್ಕು ಜನಕ್ಕೆ ಇಷ್ಟು ಸಾಕಾಗುತ್ತಾ?” ಎಂದಳು. “ನಾವು ತಿನ್ನೋದೇ ಕಮ್ಮಿ” ಎಂದೆ. ಆಕೆ ವಾದಿಸಲಿಲ್ಲ. ಆಮೇಲೂ ಎರಡು ಸಲ ಬಂದು ಅದನ್ನೇ ಕೇಳಿದಳು. ಹೇಳಿದ್ದನ್ನು ಹಿಂತೆಗೆದುಕೊಳ್ಳಲು ನಾಚಿಕೆ, ಎರಡು ಸಲವೂ ಒಂದೇ ಎಂದೆ.

ಪಟ್ಟಿಯಲ್ಲಿ ನಮ್ಮ ಸಾಲಿನ ಅಂಚಿಗೆ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಇಡೀ ಪಟ್ಟಿಯಲ್ಲಿ ಅದೊಂದೇ. ನಾನು ಅನುಮಾನ ಬಂದ ಸಾಲಿಗೆ ಅಂಚಿನಲ್ಲಿ ಹಾಗೇ ಗುರುತು ಹಾಕಿ ಸಂಪಾದಕರಿಗೆ ಕಳಿಸುತ್ತಿದ್ದೆ. ನಾನು ಹೇಳಿದ ಸುಳ್ಳನ್ನು ಆಕೆ ಇದ್ದಂತೆಯೇ ಬರೆದುಕೊಂಡು, ತಿದ್ದಲು ಜಾಗ ಬಿಟ್ಟಿದ್ದಾಳೆ. ಆ ಚಿಹ್ನೆ ಇರುವುದರಿಂದ ನಮ್ಮ ಸಾಲನ್ನು ವಿಚಾರಣೆಗೆ ಕರೆದಿದ್ದಾರೆ. ಹೋಗಿ, ಒಲೆ ಎರಡು ಎಂದು ಇಬ್ಬರೂ ರುಜು ಹಾಕಿದರೆ ಮನೆ ಎರಡಾಗುತ್ತದೆ. ಒಬ್ಬರೇ ಹೋದರೆ ಆಗುವುದಿಲ್ಲ ಎಂದು ಕೇಳಿ ತಿಳಿದುಕೊಂಡು ಬಂದಿದ್ದೇನೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಪುಟ್ಟಿಗೆ ಏಳೆಂಟಲಿ ಐವತ್ತಾರು ಎಂದು ಹೇಳು, ಐವತ್ನಾಲ್ಕಲ್ಲ. ಮೂವರೂ ನೂರು ಕಾಲ ಒಂದೇ ಸೂರಿನಡಿ ಸುಖವಾಗಿರಿ. ಕಾಗದವನ್ನು ಹಲಗೆಯ ಕೆಳಗಿನಿಂದ ತಳ್ಳುತ್ತೇನೆ.

ನಿನ್ನ
ಅಕ್ಕ

ಮೇಲೆ ಬರೆಯದೆ ಬಿಟ್ಟದ್ದು: ನಾನು ಹೆದರಿ ಹಾಗೆ ಹೇಳಿದೆ ಎಂದುಕೊಳ್ಳಬೇಡ. ಒಳಬಾಡಿಗೆಯ ಕರಾರಿನ ನೆನಪೂ ಆಗಲಿಲ್ಲ. ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಒಂದೇ ಎಂದು ಬಾಯಿಗೆ ಬಂತು, ಹೇಳಿ ಹಿತವಾಯಿತು. ಹಲಗೆ ಹೊಡೆಯಲು ಬಡಗಿಯನ್ನು ಕರೆತಂದವಳು ನಾನೇ ಎಂಬುದನ್ನು ಮರೆತಿಲ್ಲ.

ವಿಚಾರಣೆ ಗುರುವಾರ, ಹದಿನೈದನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ, ಶಾಲೆಯ ಮೂರನೇ ಕೊಠಡಿಯಲ್ಲಿ.