ಕುಮುದಾಳ ಕೊರಳಿನ ಹಾರ

ಫೆಬ್ರವರಿ ೩೦, ೨೪೧೨

ಭಾಗ ಎರಡರ ಬ್ರಹ್ಮರೇ, ಬಂಡವಾಳದ ಭಗೀರಥರೇ, ಬಾಲ್ಕನಿಯ ಬಂಧುಗಳೇ, ಗಾಂಧಿ ಕ್ಲಾಸಿನ ಗಂಧರ್ವರೇ,

ದಿನಾಂಕ ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ತಲತಲಾಂತರದಿಂದ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಕಾಲದಲ್ಲಿ ಸರಿಪಡಿಸಿದ್ದೇವೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಇಷ್ಟು ದೂರದಿಂದ ಬರೆಯುವಾಗ ನಾಲಿಗೆ ಸ್ವಲ್ಪ ತೊಡರುತ್ತದೆ.

ನಾನು ಹಾರಮುಕ್ತಿ ಇಲಾಖೆಯ ನೌಕರ. ನಿಮ್ಮ ಕಾಲದ ಸಿನಿಮಾಗಳಲ್ಲಿ ಮೊದಲ ಭಾಗದ ನಾಯಕಿಯನ್ನು ಎರಡನೇ ಭಾಗದ ಆರಂಭದಲ್ಲೇ ಸಾಯಿಸಿ, ಫೋಟೋಗೆ ಗಂಧದ ಹಾರ ಹಾಕಿ ಗೋಡೆಗೆ ತೂಗುಹಾಕುತ್ತಿದ್ದಿರಲ್ಲ, ಅಂಥವರನ್ನು ನಾವು ಗೋಡೆಗಿತ್ತಿಯರು ಎನ್ನುತ್ತೇವೆ. ಅವರ ಹಾರ ಇಳಿಸುವುದೇ ಇಲಾಖೆಯ ಕೆಲಸ. ಮೊದಲ ಭಾಗದಲ್ಲಿ ಮುದ್ದು, ಎರಡನೆಯದರಲ್ಲಿ ರದ್ದು. ಇದು ನಿಮ್ಮ ಪದ್ಧತಿಯಾಗಿತ್ತು. ಒಬ್ಬಳಿಗೆ ಲಾರಿಯ ಬ್ರೇಕ್ ಫೇಲ್, ಇನ್ನೊಬ್ಬಳಿಗೆ ನಾಯಕನಿಗೆಂದು ಹೊರಟ ಗುಂಡು. ನಾಯಕನಿಗೆ ಇನ್ನೂ ಕಾಲ್‌ಶೀಟ್ ಇದೆ ಅಂತ ಆ ಗುಂಡಿಗೂ ಗೊತ್ತಿತ್ತು.

ನಮ್ಮಲ್ಲಿ ಪ್ರತಿ ಮನೆಯವರೂ ಒಬ್ಬ ಗೋಡೆಗಿತ್ತಿಯನ್ನು ಮನೆಮಗಳಾಗಿ ತಂದುಕೊಳ್ಳುತ್ತಾರೆ. ಅವಳಿಗೆ ಬೆಳಕಿರುವ ಗೋಡೆ ಕೊಡಬೇಕು, ಒಗ್ಗರಣೆಯ ಹೊಗೆ ತಾಕಬಾರದು, ಬೆಳಿಗ್ಗೆ ನಾವು ತಿಂಡಿಗೆ ಕೂರುವ ಮುಂಚೆ ಅವಳನ್ನು ಮಾತಾಡಿಸಬೇಕು. ಅವಳೂ ಮಾತಾಡುತ್ತಾಳೆ. ನಮ್ಮ ಕಾಲದ ಚಿತ್ರಪಟಗಳಿಗೆ ಮರುನುಡಿ ಎಂಬ ಸೌಲಭ್ಯವಿದೆ. ಕೇಳಿದರೆ ಉತ್ತರ ಕೊಡುತ್ತವೆ, ಕೇಳದಿದ್ದರೂ ಕೊಡುತ್ತವೆ.

ನಮ್ಮ ಮನೆಗೆ ಬಂದವಳು ಕುಮುದಾ. ಮೊದಲ ಭಾಗದಲ್ಲಿ ಅಪ್ಪನ ಸೈಕಲ್ ಶಾಪ್ ನಡೆಸುತ್ತಿದ್ದ ಹುಡುಗಿ. ಪಂಕ್ಚರ್ ಹಾಕಿಸಲು ಬಂದ ನಾಯಕ ಮನಸ್ಸು ಕಳೆದುಕೊಂಡ, ಅವಳಿಗಾಗಿ ಒಂದು ಲಾರಿ ತುಂಬ ರೌಡಿಗಳನ್ನು ಬಡಿದ. ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆಯಿತು. ಎರಡನೇ ಭಾಗದಲ್ಲಿ ಟೈಟಲ್ ಬೀಳುವಷ್ಟರಲ್ಲಿ ಗೋಡೆ ಸೇರಿದ್ದಳು. ಆ ಅಂಗಡಿಯ ಶಟರ್ ಆಮೇಲೆ ಯಾರು ಎತ್ತಿದರು ಎಂದು ಒಬ್ಬರೂ ಕೇಳಲಿಲ್ಲ.

ಹಾರ ಇಳಿಸಿದ ದಿನ ನನ್ನ ಹೆಂಡತಿ ಕೇಳಿದಳು, “ಏನಮ್ಮಾ, ಹೇಗಿದ್ದೀಯ?”

“ಕತ್ತು ನೋಯ್ತಿದೆ ಅಕ್ಕ. ಅವನು ಹೊಸಬಳನ್ನ ಐಸ್‌ಲ್ಯಾಂಡ್‌ಗೆ ಕರ್ಕೊಂಡು ಹೋದ್ನಂತೆ? ನನ್ನನ್ನ ಮುತ್ತತ್ತಿಗೆ ಕರ್ಕೊಂಡು ಹೋಗಿದ್ದ. ಅದೂ ಒಂದೇ ಹಾಡಿಗೆ, ಟೆಂಪೋದಲ್ಲಿ.”

“ಅವನ ಮೇಲೆ ಸಿಟ್ಟಾ?”

“ಅವನ ಮೇಲೇನಿಲ್ಲ. ಪಾಪ, ಬರ್ಕೊಟ್ಟಿದ್ದು ಹೇಳ್ದ. ಬರೆದೋನು ಸಿಕ್ಕಿದ್ರೆ ಟ್ಯೂಬ್ ಜೊತೆ ಅವನನ್ನೂ ನೀರಲ್ಲಿ ಅದ್ದಿ ನೋಡ್ತಿದ್ದೆ, ಎಲ್ಲಿ ಗಾಳಿ ಹೋಗ್ತಿದೆ ಅಂತ.”

ನಿಮ್ಮ ಮೇಲೆ ನಮಗೂ ಸಿಟ್ಟಿಲ್ಲ. ನೀವು ಮಾಡಿದ ಮೊದಲ ಭಾಗಗಳನ್ನು ಇಂದಿಗೂ ಮನೆಮಂದಿಯೆಲ್ಲ ಕೂತು ನೋಡುತ್ತೇವೆ, ಗೋಡೆಯಿಂದ ಅವಳೂ ನೋಡುತ್ತಾಳೆ. ಪ್ರೀತಿ ಹುಟ್ಟಿಸುವುದು ನಿಮಗೆ ಚೆನ್ನಾಗಿ ಬರುತ್ತಿತ್ತು. ಹುಟ್ಟಿದ್ದನ್ನು ಬೆಳಗಿನ ಕಾಫಿಯವರೆಗೆ ಉಳಿಸುವುದು ಬರುತ್ತಿರಲಿಲ್ಲ, ಅಷ್ಟೇ. ನಾಯಕ ಲೋಕವನ್ನೇ ಕಾಪಾಡಲಿ, ಬೇಡ ಅನ್ನುವುದಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು “ಬರ್ತಾ ಹಾಲು ತಗೊಂಡ್ ಬಾ” ಅನ್ನುವವಳು ಒಬ್ಬಳಿದ್ದರೆ ಆ ಲೋಕಕ್ಕೇನು ನಷ್ಟ? ಆದ್ದರಿಂದ ಮಹಾಶಯರೇ, ಮುಂದಿನ ತಲೆಮಾರುಗಳ ಪರವಾಗಿ ನಮ್ಮ ವಿನಮ್ರ ಕೋರಿಕೆ...

ಸಾಕು. ತಿಪ್ಪೇಶ್ ಸರ್, ಇದು ಭವಿಷ್ಯವೂ ಅಲ್ಲ, ಅಂಥ ಇಲಾಖೆಯೂ ಇಲ್ಲ. ಇವತ್ತು ಬುಧವಾರ, ನಾನು ನಿಮ್ಮ ಚಿತ್ರದ ಸಂಭಾಷಣೆಕಾರ ಹಾಲೇಶ. ನಮ್ಮ ಎರಡನೇ ಭಾಗಕ್ಕೆ, ಕುಮುದಾಳ ಫೋಟೋ ಮುಂದೆ ನಾಯಕ ಹೇಳುವ ಒಂದು ಸಾಲು ಬರೆದುಕೊಡು ಅಂದಿದ್ದಿರಿ. ಬರೆಯಲು ಕೂತಾಗಲೇ ಕುಮುದಾಳ ಪಾತ್ರ ಮಾಡಿದ ಭಾರ್ಗವಿ ಫೋನ್ ಮಾಡಿದಳು.

“ಅಣ್ಣಾ, ಶುಕ್ರವಾರ ಫೋಟೋ ತೆಗೀತೀವಿ ಬಾ ಅಂದ್ರು. ಪಾರ್ಟ್ ಟೂ ಪೋಸ್ಟರ್‌ಗೆ ಅಲ್ವಾ? ಸೀರಿಯಲ್‌ನೋರಿಗೆ ಅವತ್ತು ಆಗಲ್ಲ ಅಂತ ಹೇಳ್ಬಿಡ್ತೀನಿ. ಈ ಸಲ ನಂಗೆ ಡೈಲಾಗ್ ಜಾಸ್ತಿ ಇದ್ಯಾ?”

ಆ ಫೋಟೋ ಯಾವ ಗೋಡೆಗೆ ಅಂತ ಹೇಳಲು ಬಾಯಿ ಬರಲಿಲ್ಲ ಸರ್. “ಬೇಕಾದಷ್ಟಿದೆ ಕಣಮ್ಮ” ಅಂದುಬಿಟ್ಟೆ. ಇನ್ನು ಅವಳಿಗೆ ಡೈಲಾಗ್ ಬರೆಯದೆ ವಿಧಿಯಿಲ್ಲ. ಮೊದಲ ದೃಶ್ಯ ಇದರ ಜೊತೆಗೇ ಇಟ್ಟಿದ್ದೇನೆ: ಕುಮುದಾ ಅಂಗಡಿಯ ಶಟರ್ ಎತ್ತುತ್ತಾಳೆ. ಅವಳ ಫೋಟೋಗೆಂದು ಆರ್ಟ್ ವಿಭಾಗದವರು ಆಗಲೇ ತಂದಿಟ್ಟಿರುವ ಹಾರವನ್ನು ಮುಹೂರ್ತದ ದಿನ ಕ್ಯಾಮೆರಾಗೆ ಹಾಕೋಣ.